ಹ್ಯಾಮರ್ ಕೋರಲ್ ಒಂದು ಪಕ್ಕ ಮಾತ್ರ ಮುದುಡುತ್ತಿದೆ, ಜಾಗ ಬದಲಿಸಲಾ?

ಡಲ್ಲಾಸ್ ಕನ್ನಡಿಗ
ಎಲ್ಲರಿಗೂ ನಮಸ್ಕಾರ. ನಮ್ಮದು ಹವಳ (ಕೋರಲ್) ಸಾಕುವ 40 ಗ್ಯಾಲನ್ ಉಪ್ಪುನೀರಿನ ಟ್ಯಾಂಕ್, ಅಂದರೆ ಸುಮಾರು 150 ಲೀಟರ್. ಶುರು ಮಾಡಿ ಹತ್ತು ತಿಂಗಳಾಯಿತು. ಉಪ್ಪು ಸಾವಿರಕ್ಕೆ 35 ಪಾಲು (ಪಿಪಿಟಿ), ನೀರು 25.5 ಡಿಗ್ರಿ ಸೆಲ್ಸಿಯಸ್, ಆಲ್ಕಲಿನಿಟಿ (ಕ್ಷಾರೀಯತೆ) 8.3 ಡಿಕೆಎಚ್, ಕ್ಯಾಲ್ಸಿಯಂ 420 ಪಿಪಿಎಂ, ಅಂದರೆ ನೀರು ಸರಿಯಾಗಿಯೇ ಇದೆ. ಎಡಗಡೆ ಕಲ್ಲುಗುಡ್ಡೆಯ ನಡುವೆ ಹ್ಯಾಮರ್ ಇಟ್ಟಿದ್ದೇನೆ, ಅದರ ಒಂದು ಪಕ್ಕ ಟಾರ್ಚ್ ಕೋರಲ್, ಇನ್ನೊಂದು ಪಕ್ಕ ನಾಲ್ಕು ಬೆರಳು ದೂರದಲ್ಲಿ ಗ್ಯಾಲಕ್ಸಿಯಾ ಅನ್ನುವ ಇನ್ನೊಂದು ಹವಳ. ಬಲಗಡೆ ಗುಡ್ಡೆಯಲ್ಲಿ ಜೋವಾ, ಗ್ರೀನ್ ಸ್ಟಾರ್ ಪಾಲಿಪ್ ಅನ್ನುವ ಇನ್ನೆರಡು ಬಗೆ ಇವೆ. ಮೂರು ವಾರದಿಂದ ಹ್ಯಾಮರ್‌ನ ಎರಡು ತಲೆ (ಕೊಂಬೆಯ ತುದಿಯಲ್ಲಿ ಅರಳುವ ಭಾಗ), ಗ್ಯಾಲಕ್ಸಿಯಾ ಕಡೆ ಇರುವವು, ಸರಿಯಾಗಿ ಅರಳುತ್ತಿಲ್ಲ. ಒಂದರಲ್ಲಿ ಬಿಳಿ ಎಲುಬೇ ಕಾಣುತ್ತಿದೆ. ಲೈಟ್ ಜಾಸ್ತಿಯಾಯಿತೇನೋ ಅಂತ ಕಡಿಮೆ ಮಾಡಿದೆ, ಏನೂ ಬದಲಾಗಲಿಲ್ಲ. ಇದು ಮಗಳು ಆರಿಸಿ ತಂದ ಕೋರಲ್, ಸ್ಕೂಲಿನಿಂದ ಬಂದ ಕೂಡಲೇ ಅದರ ಮುಂದೆ ನಿಲ್ಲುತ್ತಾಳೆ. ಹೇಗಾದರೂ ಉಳಿಸಬೇಕು.

ಉಪ್ಪುನೀರು
ಲೈಟ್ ಅಲ್ಲ ಸರ್. ಲೈಟ್ ಜಾಸ್ತಿಯಾಗಿದ್ದರೆ ಮೇಲ್ಭಾಗದ ಬಣ್ಣ ಹೋಗುತ್ತಿತ್ತು, ಒಂದೇ ಪಕ್ಕ ಹೀಗಾಗುತ್ತಿರಲಿಲ್ಲ. ನನಗೆ ಗ್ಯಾಲಕ್ಸಿಯಾ ಮೇಲೇ ಅನುಮಾನ. ಹಗಲು ನೋಡಿದರೆ ಪುಟ್ಟ ಹೂವಿನ ಹಾಗಿರುತ್ತದೆ, ಕತ್ತಲಾದ ಮೇಲೆ ಉದ್ದನೆಯ ಎಳೆಗಳನ್ನು ಹೊರಗೆ ಬಿಟ್ಟು ಸುತ್ತ ಇರುವುದನ್ನೆಲ್ಲ ಕುಟುಕುತ್ತದೆ. ಒಂದು ಗೇಣು ದೂರಕ್ಕೂ ಮುಟ್ಟುತ್ತದೆ, ನಾಲ್ಕು ಬೆರಳು ಯಾವ ಲೆಕ್ಕ? ಲೈಟ್ ಆರಿ ಎರಡು ಗಂಟೆಯಾದ ಮೇಲೆ ಬ್ಯಾಟರಿಗೆ ಕೆಂಪು ಪ್ಲಾಸ್ಟಿಕ್ ಸುತ್ತಿ ನೋಡಿ.

ಟಾರ್ಚ್ ಕೋರಲನ್ನೂ ದೂರ ಇಡಿ. ಹ್ಯಾಮರ್ ಜೊತೆ ಫ್ರಾಗ್‌ಸ್ಪಾನ್ ಕೋರಲ್ ಸಾಮಾನ್ಯವಾಗಿ ಹೊಂದಿಕೊಳ್ಳುತ್ತದೆ, ಟಾರ್ಚ್ ಹಾಗಲ್ಲ.

ಹವಳದಕ್ಕ
ಹ್ಯಾಮರ್ ಮುಟ್ಟಬೇಡಿ, ಅದು ಮೊದಲೇ ಸೋತಿದೆ. ಗ್ಯಾಲಕ್ಸಿಯಾ ತೆಗೆದು ಬೇರೆ ಮೂಲೆಗೆ ಇಡಿ. ಪಂಪಿನ ನೀರು ಎತ್ತ ಹರಿಯುತ್ತದೋ ಆ ಎಳೆಗಳೂ ಅತ್ತಲೇ ಚಾಚುತ್ತವೆ, ಹಾಗಾಗಿ ನೀರು ಮೊದಲು ಹ್ಯಾಮರ್ ದಾಟಿ ಆಮೇಲೆ ಗ್ಯಾಲಕ್ಸಿಯಾಗೆ ಬರುವಂತಿರಲಿ. ಹ್ಯಾಮರ್ ಮೇಲೆ ನೀರು ನೇರವಾಗಿ ಬಡಿಯಬಾರದು. ಗಾಳಿಗೆ ಭತ್ತದ ಪೈರು ತೂಗುತ್ತದಲ್ಲ, ಅಷ್ಟು ಸಾಕು.

ಗ್ರೀನ್ ಸ್ಟಾರ್ ಪಾಲಿಪನ್ನು ಈಗಲೇ ಬೇರೆ ಕಲ್ಲಿಗೆ ಸಾಗಿಸಿ, ಸುತ್ತಲೂ ಬರೀ ಮರಳು ಇರಲಿ. ಅದು ಚಾಪೆ ಹಾಸಿದ ಹಾಗೆ ಹಬ್ಬುತ್ತದೆ, ಬಿಟ್ಟರೆ ನಿಮ್ಮ ಜೋವಾ ಎಲ್ಲ ಅದರ ಕೆಳಗೆ ಹೋಗುತ್ತವೆ. ಜೋವಾ ಕಲ್ಲು ಮುಟ್ಟುವಾಗ ಗ್ಲೌಸ್, ಕನ್ನಡಕ ತಪ್ಪದೆ ಹಾಕಿಕೊಳ್ಳಿ. ಕೆಲವು ಜಾತಿಗಳಲ್ಲಿ ಪಾಲಿಟಾಕ್ಸಿನ್ ಅನ್ನುವ ಭಾರೀ ವಿಷ ಇರುತ್ತದೆ. ಆ ಕಲ್ಲನ್ನು ಯಾವತ್ತೂ ಕುದಿಸಬೇಡಿ, ಆ ಆವಿ ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ್ದುಂಟು. ಮಗು ಇರುವ ಮನೆ ಅಂತ ಒತ್ತಿ ಹೇಳುತ್ತಿದ್ದೇನೆ.

ನೇತ್ರಾಣಿ ಪ್ರೇಮಿ
ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಡೈವ್ ಮಾಡಿದಾಗ ಎರಡು ಹವಳಗಳ ಮಧ್ಯೆ ಏನೂ ಬೆಳೆಯದ ಬೋಳು ಪಟ್ಟಿ ನೋಡಿದ್ದೆ. ಅವು ಜಾಗಕ್ಕೆ ಕಾದಾಡುತ್ತವೆ ಅಂತ ಆಮೇಲೆ ಗೊತ್ತಾಯಿತು. ಟ್ಯಾಂಕಿನಲ್ಲೂ ಆ ಬೋಳು ಜಾಗ ಬಿಡಲೇಬೇಕು. ಅಂಗಡಿಯಿಂದ ತಂದ ದಿನದ ಗಾತ್ರ ನೋಡಬೇಡಿ, ವರ್ಷ ಕಳೆದ ಮೇಲೆ ಎಷ್ಟಾಗುತ್ತದೆ ಅಂತ ಯೋಚಿಸಿ ಜಾಗ ಕೊಡಿ.

ಊರಿನಿಂದ ಓದುವವರಿಗೆ ಒಂದು ಮಾತು: ನಮ್ಮ ಸಮುದ್ರದ ಹವಳ ವನ್ಯಜೀವಿ ಕಾಯ್ದೆಯ ಮೊದಲ ಷೆಡ್ಯೂಲಿನಲ್ಲಿದೆ. ಸತ್ತ ತುಂಡನ್ನೂ ತರುವಂತಿಲ್ಲ.

ಡಲ್ಲಾಸ್ ಕನ್ನಡಿಗ
ನಿನ್ನೆ ರಾತ್ರಿ ಹನ್ನೊಂದೂವರೆಗೆ ನೋಡಿದೆ. ಐದಾರು ಎಳೆ, ತುದಿಯಲ್ಲಿ ಬಿಳಿ ಗುಂಡು, ಹ್ಯಾಮರ್‌ಗೆ ತಾಗಿಕೊಂಡೇ ಇದ್ದವು! ಮಗಳನ್ನೂ ಎಬ್ಬಿಸಿ ತೋರಿಸಿದೆ. ಗ್ಯಾಲಕ್ಸಿಯಾ ಈಗ ಬಲಮೂಲೆಯಲ್ಲಿದೆ, ಸುತ್ತ ಒಂದೂವರೆ ಗೇಣು ಖಾಲಿ. ಟಾರ್ಚ್ ಕೂಡ ಸರಿಸಿದೆ. ಆ ಎಲುಬು ಕಾಣುವ ತಲೆಯನ್ನು ಕತ್ತರಿಸಬೇಕಾ ಅಕ್ಕ?

ಹವಳದಕ್ಕ
ಈಗಲೇ ಬೇಡ. ಸ್ವಲ್ಪ ಮಾಂಸ ಉಳಿದಿದ್ದರೂ ಚೇತರಿಸಿಕೊಳ್ಳಬಹುದು. ಕಂದು ಬಣ್ಣದ ಲೋಳೆ ಕಂಡರೆ ಮಾತ್ರ ಒಂದು ದಿನವೂ ಕಾಯಬೇಡಿ, ಆ ಕೊಂಬೆಯನ್ನು ಕೆಳಗಿನ ಎಲುಬಿನ ಹತ್ತಿರ ಕತ್ತರಿಸಿ ಹೊರಗೆ ತೆಗೆಯಿರಿ. ವಾರ ಬಿಟ್ಟು ಫೋಟೋ ಹಾಕಿ.