ನಗರ ವರ್ಣನೆಯೇ ಮುಗಿಯದ ಕಾದಂಬರಿಯನ್ನು ಓದುವುದು ಹೇಗೆ?

ಧಾರವಾಡದ ಓದುಗ:
ಬ್ರಿಟಿಷ್ ಲೇಖಕ ಚೀನಾ ಮಿಯೆವಿಲ್ ಅವರ ‘ಪರ್ಡಿಡೋ ಸ್ಟ್ರೀಟ್ ಸ್ಟೇಷನ್’ (2000) ಕಾದಂಬರಿಯನ್ನು ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸಿನಲ್ಲಿ ದಿನವೂ ಓದುತ್ತಿದ್ದೇನೆ. ನೂರೈವತ್ತು ಪುಟ ದಾಟಿದರೂ ಕಥೆ ನ್ಯೂ ಕ್ರೋಬುಜಾನ್ ಎಂಬ ಕಲ್ಪಿತ ನಗರದ ಹೊಗೆ, ಕೊಳಚೆ, ಓಣಿಗಳಲ್ಲೇ ಸುತ್ತುತ್ತಿದೆ. ಇಷ್ಟು ವಿವರ ಬೇಕಿತ್ತೇ? ಬಲ್ಲವರು ತಿಳಿಸಬೇಕು.

ಹುಬ್ಬಳ್ಳಿಯಿಂದ:
ಸರ್, ಅಲ್ಲಿ ನಗರವೇ ಮುಖ್ಯ ಪಾತ್ರ. ಅಪರಾಧಿಗಳ ದೇಹಕ್ಕೆ ಯಂತ್ರದ ಅಥವಾ ಪ್ರಾಣಿಯ ಅಂಗ ಜೋಡಿಸಿ ಶಿಕ್ಷಿಸುವ ಸರ್ಕಾರ ಎಂಥದ್ದೆಂಬುದು ಆ ಓಣಿಗಳನ್ನು ಕಂಡ ಮೇಲೆಯೇ ಅರ್ಥವಾಗುತ್ತದೆ. ಇನ್ನು ಯಾಗರೆಕ್ ಎಂಬ ಗರುಡನ (ಕಾದಂಬರಿಯಲ್ಲಿ ಗರುಡರೆಂದರೆ ಹಕ್ಕಿಮಾನವರ ಕುಲ) ವಿಷಯ: ಗುಡಿಯ ಮುಂದಿನ ಗರುಡಗಂಬವನ್ನು ನೋಡುತ್ತ ಬೆಳೆದ ನಮಗೆ, ತಪ್ಪಿಗೆ ಶಿಕ್ಷೆಯಾಗಿ ರೆಕ್ಕೆ ಕಳೆದುಕೊಂಡ ಗರುಡನೊಬ್ಬ ವಿಜ್ಞಾನಿ ಐಸಾಕನ ಬಳಿಗೆ ಬಂದು ಮತ್ತೆ ಹಾರುವ ಶಕ್ತಿಯನ್ನು ಬೇಡುವ ಸನ್ನಿವೇಶವು ಬೇರೆಯವರಿಗಿಂತ ಆಳವಾಗಿ ನಾಟುತ್ತದೆ ಎಂದು ನನ್ನ ಅನಿಸಿಕೆ.

ಗದಗದಿಂದ:
ನಾನು ಪೂರ್ತಿ ಒಪ್ಪಲಾರೆ. 2001ರಲ್ಲಿ ವೈಜ್ಞಾನಿಕ ಕಾದಂಬರಿಗಳಿಗೆ ಕೊಡುವ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿ ಬಂದಿದ್ದರೂ, ಕೃತಿಯನ್ನು ಇನ್ನಷ್ಟು ಬಿಗಿಗೊಳಿಸಬಹುದಿತ್ತು. ಆದರೆ ಮನುಷ್ಯರ ಪ್ರಜ್ಞೆಯನ್ನೇ ಹೀರುವ ಪತಂಗಗಳು ತಪ್ಪಿಸಿಕೊಂಡು ಹೊರಬಿದ್ದ ಬಳಿಕ ಪುಸ್ತಕ ಕೆಳಗಿಡಲಾಗುವುದಿಲ್ಲ, ಅಲ್ಲಿಯವರೆಗೆ ತಾಳ್ಮೆಯಿರಲಿ. ರಾತ್ರಿ ಮಾತ್ರ ಓದಬೇಡಿ.

ಧಾರವಾಡದ ಓದುಗ:
ಇಬ್ಬರಿಗೂ ಧನ್ಯವಾದಗಳು. ಗರುಡನ ಭಾಗವನ್ನು ಅವಸರದಲ್ಲಿ ದಾಟಿಬಿಟ್ಟಿದ್ದೆ. ಅಲ್ಲಿಂದಲೇ ಮತ್ತೆ ಆರಂಭಿಸುತ್ತೇನೆ. ಅಂದಹಾಗೆ, ಆ ನಗರದ ನಡುವಿನ ಬೃಹತ್ ರೈಲು ನಿಲ್ದಾಣದ ವರ್ಣನೆ ಓದುವಾಗ ನಮ್ಮ ಹುಬ್ಬಳ್ಳಿಯ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮೇ ಕಣ್ಣಮುಂದೆ ಬಂದಿತ್ತು.