ಟ್ಯೂನಾ ಸಾಕಣೆಯ ಸಂಶೋಧನಾ ಕಾರ್ಯಕ್ರಮ ನಡೆಸುವುದು ಹೇಗೆ?

ಕಡಲತಡಿ_ಹುಡುಗ:
ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿ ಈಗ ಅಡಿಲೇಡ್‌ನಲ್ಲಿದ್ದೇನೆ. ದಕ್ಷಿಣ ಆಸ್ಟ್ರೇಲಿಯಾದ ಬಂದರು ಊರು ಪೋರ್ಟ್ ಲಿಂಕನ್‌ನ ಟ್ಯೂನಾ ಉದ್ಯಮಕ್ಕೆ ಸಂಶೋಧನೆ ನೋಡಿಕೊಳ್ಳುವ ಕೆಲಸಕ್ಕೆ ಸಂದರ್ಶನವಿದೆ. ಲ್ಯಾಬ್ ಕೆಲಸ ಗೊತ್ತು. ಕಂಪನಿಗಳು, ವಿಜ್ಞಾನಿಗಳು, ಹಣ ಎಲ್ಲವನ್ನೂ ಒಟ್ಟಿಗೆ ನಡೆಸಿ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಪಂಜರಮೀನು:
ಮೊಟ್ಟೆಯಿಂದಲೇ ಮರಿ ಬೆಳೆಸುವ ಬಗ್ಗೆ ಓದಿ. ಜಪಾನಿನ ಕಿಂಕಿ ವಿಶ್ವವಿದ್ಯಾಲಯದವರು 2002ರಲ್ಲೇ ಬ್ಲೂಫಿನ್ ಎಂಬ ಟ್ಯೂನಾ ಜಾತಿಯಲ್ಲಿ ಅದನ್ನು ಸಾಧಿಸಿದ್ದಾರೆ. ದುಡ್ಡೆಲ್ಲ ಅದಕ್ಕೇ ಹಾಕಬೇಕು ಅಲ್ವಾ?

ಸ್ಪೆನ್ಸರ್_ದಂಡೆ:
ನಾನು ಅಲ್ಲಿ ಇದೇ ಬಗೆಯ ಕೆಲಸ ಮಾಡಿದ್ದೇನೆ. ಮೊದಲು ಅಲ್ಲಿನ ಕ್ಯಾಲೆಂಡರ್ ಬಾಯಿಪಾಠ ಮಾಡಿ. ಬೇಸಿಗೆಯಲ್ಲಿ, ಅಂದರೆ ಡಿಸೆಂಬರ್‌ನಿಂದ ಮಾರ್ಚ್ ಒಳಗೆ, ದಕ್ಷಿಣ ಕರಾವಳಿಯ ದೊಡ್ಡ ಕೊಲ್ಲಿಯಾದ ಗ್ರೇಟ್ ಆಸ್ಟ್ರೇಲಿಯನ್ ಬೈಟ್‌ನಲ್ಲಿ, ಮೀನಿನ ಹಿಂಡನ್ನು ಸುತ್ತುವರಿಯುವ ಪರ್ಸೀನ್ ಬಲೆ ಹಾಕಿ ಎಳೆಯ ಟ್ಯೂನಾ ಹಿಡಿಯುತ್ತಾರೆ. ನೀರಿನಿಂದ ಎತ್ತುವುದಿಲ್ಲ. ತೇಲುವ ಪಂಜರಕ್ಕೆ ದಾಟಿಸಿ, ನಾವು ನಡೆಯುವುದಕ್ಕಿಂತ ನಿಧಾನವಾಗಿ ಎಳೆದು ತರುತ್ತಾರೆ. ಆಮೇಲೆ ಕೆಲವೇ ತಿಂಗಳು ಸಾರ್ಡೀನ್ (ಬೂತಾಯಿ ಜಾತಿಯ ಸಣ್ಣ ಮೀನು) ತಿನ್ನಿಸಿ ಕೊಬ್ಬಿಸಿ, ಹೆಚ್ಚಿನದನ್ನು ಜಪಾನಿಗೆ ಮಾರುತ್ತಾರೆ. ಪ್ರಯೋಗಕ್ಕೆ ವರ್ಷಕ್ಕೆ ಸಿಗುವುದು ಅದೊಂದೇ ಅವಧಿ. ಒಪ್ಪಂದ, ಹಣ, ಪ್ರಾಣಿ ಪ್ರಯೋಗದ ಅನುಮತಿ ನವೆಂಬರ್ ಒಳಗೆ ಕೈಗೆ ಬರದಿದ್ದರೆ ಆ ವರ್ಷ ಹೋಯಿತು ಅಂತಲೇ ಲೆಕ್ಕ.

ಎರಡನೆಯದು, ಪ್ರಯೋಗ ನಡೆಯುವ ಮೀನು ನಿಮ್ಮದಲ್ಲ. ಒಂದು ಮೇವಿಗೆ ಮೂರು ಪಂಜರ, ಇನ್ನೊಂದಕ್ಕೆ ಮೂರು ಬೇಕು ಎಂದು ವಿಜ್ಞಾನಿ ಕೇಳುತ್ತಾರೆ. ಸಾಕುವವರಿಗೆ ಎಲ್ಲ ಪಂಜರಕ್ಕೂ ಒಳ್ಳೆಯ ಮೇವೇ ಬೇಕು. ಇಬ್ಬರೂ ಸರಿಯೇ. ಬೇಸಿಗೆಗೆ ಮೊದಲೇ ಅವರನ್ನು ಒಂದೇ ಮೇಜಿನ ಎದುರು ಕೂರಿಸಿ ಒಪ್ಪಿಸುವುದೇ ನಿಮ್ಮ ಕೆಲಸದ ಅರ್ಧ ಭಾಗ.

ಒಳ್ಳೆಯ ಉದಾಹರಣೆ ಬೇಕಿದ್ದರೆ ಟ್ಯೂನಾದ ರಕ್ತದಲ್ಲಿ ಬದುಕುವ ಪರಾವಲಂಬಿ ಹುಳು ಕಾರ್ಡಿಕೋಲಾ ಫಾರ್ಸ್ಟೆರಿಯ ಕಥೆ ಓದಿ. ಅದರ ಮೊಟ್ಟೆಗಳು ಕಿವಿರಿನಲ್ಲಿ ಸಿಕ್ಕಿಕೊಳ್ಳುತ್ತವೆ. ಸಾಕುವವರ ಪ್ರಶ್ನೆ ಒಂದೇ: ಮೀನು ಸಾಯುವುದನ್ನು ನಿಲ್ಲಿಸುವುದು ಹೇಗೆ? ವಿಜ್ಞಾನಿಗಳಿಗೆ ಹುಳುವಿನ ಇಡೀ ಜೀವನ ತಿಳಿಯಬೇಕಿತ್ತು. ಸಮುದ್ರದ ತಳದಲ್ಲಿ ಬದುಕುವ ಇನ್ನೊಂದು ಹುಳುವಿನ ಒಳಗೆ ಅದರ ಮರಿಗಳು ಬೆಳೆಯುತ್ತವೆ ಎಂದು ತಿಳಿಯಿತು. ದಡದಿಂದ ದೂರ, ಆಳವಾದ ನೀರಿನಲ್ಲಿ ಪಂಜರ ಇಟ್ಟ ಪ್ರಯೋಗದಲ್ಲಿ ಸಾವು ಕಡಿಮೆಯಾಯಿತು. ಆಮೇಲೆ ಪ್ರಾಜಿಕ್ವಾಂಟೆಲ್ ಔಷಧಿಯನ್ನು ಮೇವಿನ ಜೊತೆ ಕೊಡುವ ದಾರಿಯೂ ಬಂತು. ಮೂಲ ವಿಜ್ಞಾನ ಬೇಡ, ಪರಿಹಾರ ಮಾತ್ರ ಕೊಡಿ ಎಂದು ಯಾರಾದರೂ ಸಭೆಯಲ್ಲಿ ಹೇಳಿದರೆ ಇದನ್ನೇ ಮುಂದಿಡಿ.

ಪಂಜರಮೀನು ಅವರೇ, ಮೊಟ್ಟೆಯ ಮಾತು ಒಪ್ಪುತ್ತೇನೆ, ಆದರೆ ಎಲ್ಲ ದುಡ್ಡು ಅದಕ್ಕೆ ಬೇಡ. ದಕ್ಷಿಣ ಆಸ್ಟ್ರೇಲಿಯಾದ ಆರ್ನೋ ಬೇ ಊರಿನಲ್ಲಿ ಕ್ಲೀನ್ ಸೀಸ್ ಕಂಪನಿಯವರು ಸದರ್ನ್ ಬ್ಲೂಫಿನ್ (ಪೋರ್ಟ್ ಲಿಂಕನ್‌ನಲ್ಲಿ ಸಾಕುವ ಜಾತಿ) ಮೊಟ್ಟೆ ಇಡುವಂತೆ ಮಾಡಿದರು. 2009ರಲ್ಲಿ ಜಗತ್ತೆಲ್ಲ ಸುದ್ದಿಯಾಯಿತು. ಆದರೂ ಅದು ವ್ಯಾಪಾರದ ಮಟ್ಟಕ್ಕೆ ಬರಲಿಲ್ಲ. ಇವತ್ತಿಗೂ ಅಲ್ಲಿನ ಪಂಜರಕ್ಕೆ ಮೀನು ಬರುವುದು ಕಡಲಿನಿಂದಲೇ, ಅದೂ ಇಷ್ಟೇ ಹಿಡಿಯಬಹುದು ಎನ್ನುವ ಕೋಟಾದ ಮಿತಿಯೊಳಗೆ.

ಕಡಲತಡಿ_ಹುಡುಗ:
ತುಂಬಾ ಧನ್ಯವಾದ ಮೇಡಂ. ಪೈಪೋಟಿ ಇರುವ ಕಂಪನಿಗಳು ಮಾಹಿತಿ ಹಂಚಿಕೊಳ್ಳುತ್ತವೆಯೇ?

ಸ್ಪೆನ್ಸರ್_ದಂಡೆ:
ಕೊಡುತ್ತವೆ, ನಂಬಿಕೆ ಇದ್ದರೆ. ಕಂಪನಿಯ ಹೆಸರಿನ ಜಾಗದಲ್ಲಿ ಸಂಕೇತ ಹಾಕಿ. ಯಾರ ಪಂಜರದಲ್ಲಿ ಎಷ್ಟು ಸತ್ತಿತು ಎನ್ನುವುದು ನಿಮ್ಮ ಬಾಯಿಂದ ಎಲ್ಲೂ ಬರಬಾರದು, ಊಟದ ಮೇಜಿನಲ್ಲೂ. ಫಲಿತಾಂಶವನ್ನು ವರದಿ ಅಚ್ಚಾಗುವ ಮುಂಚೆ ದೋಣಿಯವರಿಗೇ ಮೊದಲು ಹೇಳಿ.

ಇನ್ನೊಂದು ಮಾತು. 1996ರ ಏಪ್ರಿಲ್‌ನಲ್ಲಿ ಬಿರುಗಾಳಿಯ ನಂತರ ಪೋರ್ಟ್ ಲಿಂಕನ್‌ನ ಬಾಸ್ಟನ್ ಬೇ ಕೊಲ್ಲಿಯ ಪಂಜರಗಳಲ್ಲಿ ರಾಶಿ ರಾಶಿ ಟ್ಯೂನಾ ಸತ್ತವು. ಕಾರಣ ತಳದಿಂದ ಎದ್ದ ಕೆಸರೋ, ವಿಷದ ಪಾಚಿಯೋ ಎಂದು ವಾದವೇ ಆಯಿತು. ಇಂಥ ವಾದ ತೀರಿಸಲು ನೀರಿನ ದಾಖಲೆ ಬೇಕು. ವರ್ಷವಿಡೀ ನೀರಿನ ಮಾದರಿ ತೆಗೆಯುವ ಪ್ರಾಜೆಕ್ಟಿನಿಂದ ದೊಡ್ಡ ಪೇಪರ್ ಬರುವುದಿಲ್ಲ, ಹಣ ಕಡಿತದ ಸಮಯದಲ್ಲಿ ಎಲ್ಲರ ಕಣ್ಣು ಅದರ ಮೇಲೇ ಬೀಳುತ್ತದೆ. ಅದನ್ನು ಉಳಿಸಲು ಹೇಗೆ ವಾದಿಸುತ್ತೀರಿ ಎಂದು ಸಂದರ್ಶನಕ್ಕೆ ತಯಾರಾಗಿ ಹೋಗಿ.