ಸೌತೆಗೆ ಬೂದಿ ರೋಗ: ಆಸ್ಪಿರಿನ್ ನೀರು ಹೊಡೆಯಬಹುದಾ?

ತಾರಸಿ ಸೌತೆ:
ಮೈಸೂರಿನಲ್ಲಿ ತಾರಸಿ ಮೇಲೆ ಆರು ಗ್ರೋ ಬ್ಯಾಗ್‌ಗಳಲ್ಲಿ ಸೌತೆ ಹಾಕಿದ್ದೇನೆ. ಕೆಳಗಿನ ಎಲೆಗಳ ಮೇಲೆ ರಂಗೋಲಿ ಪುಡಿ ಉದುರಿಸಿದ ಹಾಗೆ ಬಿಳಿ ಬೂದಿ. ಆಸ್ಪಿರಿನ್ ಕರಗಿಸಿ ಹೊಡಿ, ಗಿಡದ ಹಾರ್ಮೋನ್ ಏಳುತ್ತೆ ಅಂತಾರೆ ಪಕ್ಕದ ಮನೆ ಅಂಕಲ್. ತಲೆನೋವಿನ ಮಾತ್ರೆಗೂ ಸೌತೆಗೂ ಏನು ಸಂಬಂಧ?

ಹಳೇ ಬಾಟನಿ ಮೇಷ್ಟ್ರು:
ಅಂಕಲ್ ಅರ್ಧ ಸರಿ. ಆಸ್ಪಿರಿನ್ ಅಂದರೆ ಸ್ಯಾಲಿಸಿಲಿಕ್ ಆಮ್ಲದ ದಾಯಾದಿ. ಆ ಆಮ್ಲವನ್ನು ಗಿಡ ತಾನೇ ಮಾಡಿಕೊಳ್ಳುತ್ತದೆ. ರೋಗ ಹೊಕ್ಕ ಜಾಗದ ಜೀವಕೋಶಗಳು ಎಷ್ಟೋ ಸಲ ಬೇಕೆಂದೇ ಸಾಯುತ್ತವೆ. ಬೂದಿ ರೋಗದ ಶಿಲೀಂಧ್ರ ಜೀವಂತ ಕೋಶದಿಂದ ಮಾತ್ರ ಉಣ್ಣುವುದು, ಹಾಗಾಗಿ ಅದಕ್ಕೆ ಉಪವಾಸ. ಆಮ್ಲ ಏರಿದಂತೆ ಉಳಿದ ಎಲೆಗಳಿಗೂ ಸುದ್ದಿ ಮುಟ್ಟುತ್ತದೆ. ಅವು ಶಿಲೀಂಧ್ರದ ಗೋಡೆ ಕತ್ತರಿಸುವ ಕೈಟಿನೇಸ್ ಎಂಬ ಕಿಣ್ವವನ್ನು ಮೊದಲೇ ಮಾಡಿಟ್ಟುಕೊಳ್ಳುತ್ತವೆ. 1990ರಲ್ಲಿ ಇದನ್ನು ಸೌತೆಯಲ್ಲೇ ನೋಡಿದರು. ಒಂದು ಎಲೆಗೆ ರೋಗ ಅಂಟಿಸಿದರೆ ಬಳ್ಳಿಯ ರಸದಲ್ಲಿ ಈ ಆಮ್ಲ ಏರಿತ್ತು. ತಂಬಾಕಿನಲ್ಲಿ ಸುದ್ದಿ ಒಯ್ಯುವುದು ಮೀಥೈಲ್ ಸ್ಯಾಲಿಸಿಲೇಟ್, ನಮ್ಮ ಮಂಡಿನೋವಿನ ಮುಲಾಮಿನ ವಾಸನೆ ಇದೆಯಲ್ಲ, ಅದೇ!

ಆದರೆ ಇದು ಶಿಲೀಂಧ್ರ ಕೊಲ್ಲುವ ಔಷಧಿ ಅಲ್ಲ. ಗಿಡಕ್ಕೆ ಕೊಡುವ ಎಚ್ಚರಿಕೆ ಅಷ್ಟೇ. ಕಳ್ಳ ಒಳಗೆ ಬಂದು ಊಟಕ್ಕೆ ಕೂತ ಮೇಲೆ ಗಂಟೆ ಬಾರಿಸಿ ಏನು ಮಾಡ್ತೀರಿ? ನಾನೂ ಒಮ್ಮೆ ಲೀಟರ್ ನೀರಿಗೆ ನಾಲ್ಕು ಮಾತ್ರೆ ಹಾಕಿ ಹೀರೆಗೆ ಹೊಡೆದೆ. ಬೂದಿ ಹಾಗೇ ಉಳಿಯಿತು, ಎಲೆಯ ಅಂಚು ಮಾತ್ರ ಸುಟ್ಟು ಮುದುರಿತು. ಮನೆಯವಳು ಇವತ್ತಿಗೂ ಹೇಳಿಕೊಂಡು ನಗುತ್ತಾಳೆ.

ಮಲ್ಲಿಗೆ ಮನೆ:
ಮೇಷ್ಟ್ರೇ, ಜಾಸ್ಮೋನಿಕ್ ಆಮ್ಲ ಅಂತಲೂ ಒಂದು ಇದೆಯಲ್ವಾ? ಹೆಸರು ನಮ್ಮ ಮಲ್ಲಿಗೆ ಜಾತಿಯದ್ದೇ ತಾನೆ?

ಹಳೇ ಬಾಟನಿ ಮೇಷ್ಟ್ರು:
ಹೌದು, ಜಾಜಿ ಹೂವಿನ ಎಣ್ಣೆಯಿಂದ ಬಂದ ಹೆಸರು. ಹುಳು ಕಡಿದಾಗ, ಮತ್ತೆ ಎಲೆಯನ್ನು ಕೊಂದು ತಿನ್ನುವ ಕೊಳೆ ಶಿಲೀಂಧ್ರ ಬಂದಾಗ ಅದರ ಕೆಲಸ ಜಾಸ್ತಿ. ತಮಾಷೆ ಏನೆಂದರೆ ಇವೆರಡಕ್ಕೂ ಅಷ್ಟಾಗಿ ಹೊಂದುವುದಿಲ್ಲ. ಸ್ಯಾಲಿಸಿಲಿಕ್ ಏರಿದರೆ ಜಾಸ್ಮೋನಿಕ್‌ನ ಕೆಲಸ ಸಾಮಾನ್ಯವಾಗಿ ತಗ್ಗುತ್ತದೆ. ಅದಕ್ಕೇ ಸುಮ್ನೆ ಮಾತ್ರೆ ಸುರಿಯಬೇಡಿ ಅನ್ನುವುದು.

ತಾರಸಿ ಸೌತೆ:
ಹಾಗಾದ್ರೆ ಈಗ ಏನು ಮಾಡಲಿ ಸರ್?

ಹಳೇ ಬಾಟನಿ ಮೇಷ್ಟ್ರು:
ಬೂದಿ ಬಂದ ಕೆಳಗಿನ ಎಲೆ ಕಿತ್ತು ಕವರ್‌ಗೆ ಹಾಕಿ, ಗಿಡದ ಬುಡದಲ್ಲಿ ಬಿಡಬೇಡಿ. ಬ್ಯಾಗ್‌ಗಳನ್ನು ದೂರ ಸರಿಸಿ, ಗಾಳಿ ಆಡಲಿ. ಒಂದು ಲೋಟ ಹಾಲಿಗೆ ಒಂಬತ್ತು ಲೋಟ ನೀರು ಬೆರೆಸಿ ವಾರಕ್ಕೊಮ್ಮೆ ಬೆಳಿಗ್ಗೆ ಹೊಡೆಯಿರಿ. ಗಂಧಕ ಬೇಡ, ಬಿಸಿಲಲ್ಲಿ ಸೌತೆ ಎಲೆ ಸುಡುತ್ತದೆ.

ತಾರಸಿ ಸೌತೆ:
ಒಂಬತ್ತು ಎಲೆ ಕಿತ್ತೆ. ಅಂಕಲ್‌ಗೆ ಮಾತ್ರೆ ವಾಪಸ್ ಕೊಟ್ಟೆ, ಅವರಿಗೇ ತಲೆನೋವಂತೆ.